ಎಲ್ಲರ ಹೆಸರು ಕೂಗಿದವ

ಸತ್ತವರ ಬ್ಯಾನರು ಮಾಡುವುದು ನನಗೇನೂ ಹೊಸದಲ್ಲ. ಇಳಕಲ್ಲಿನ ಬಸ್ ಸ್ಟ್ಯಾಂಡಿನ ಎದುರಿಗೆ ನನ್ನ ಪ್ರಿಂಟಿಂಗ್ ಪ್ರೆಸ್ಸು. ಲಗ್ನಪತ್ರ, ಹ್ಯಾಂಡ್‌ಬಿಲ್ಲು, ಈಚೀಚೆಗೆ ಫ್ಲೆಕ್ಸು. ಊರಿನವರ ಸಂತೋಷ, ದುಃಖ ಎರಡೂ ಮೊದಲು ನನ್ನ ಕಂಪ್ಯೂಟರಿಗೆ ಬಂದು ಆಮೇಲೆ ಊರಿಗೆ ಗೊತ್ತಾಗುತ್ತವೆ. ಹುಟ್ಟುಹಬ್ಬದ ಬ್ಯಾನರಿನವರು ಮೇಲಿಂದ ಮೇಲೆ ತಿದ್ದಿಸಿ ಜೀವ ತಿನ್ನುತ್ತಾರೆ. ಶ್ರದ್ಧಾಂಜಲಿಯವರು ಒಂದು ಫೋಟೊ, ಒಂದು ಹೆಸರು ಕೊಟ್ಟು ಸುಮ್ಮನೆ ಕೂಡುತ್ತಾರೆ. ಆದರೆ ಕಳೆದ ತಿಂಗಳು ಶಾಂತಕ್ಕ ಬಂದು ಕೂತಾಗ ನನಗೇ ದಿಕ್ಕು ತಪ್ಪಿತು.

ಶಾಂತಕ್ಕ ನನ್ನ ದೋಸ್ತನ ಹೆಂಡತಿ. ದೋಸ್ತ ತೀರಿಕೊಂಡು ಇನ್ನೂ ವಾರವಾಗಿರಲಿಲ್ಲ. ಮಧ್ಯಾಹ್ನ ಉಂಡು ಮಲಗಿದವನು ಏಳಲಿಲ್ಲ. ಇಡೀ ಆಯುಷ್ಯ ರಾತ್ರಿಯೆಲ್ಲ ಎಚ್ಚರವಿದ್ದು ಮಂದಿಯನ್ನೂ ಎಚ್ಚರವಿಟ್ಟ ಮನುಷ್ಯ, ಹಾಡಹಗಲೇ ಸದ್ದಿಲ್ಲದೆ ಹೋಗಿಬಿಟ್ಟ. ಹೋಗುವುದರಲ್ಲಾದರೂ ಸ್ವಲ್ಪ ಗದ್ದಲ ಮಾಡುತ್ತಾನೆ ಎಂದುಕೊಂಡಿದ್ದೆ.

ಶಾಂತಕ್ಕ ಟೇಬಲ್ಲಿನ ಮೇಲೆ ಎರಡು ಫೋಟೊ ಇಟ್ಟಳು. ಒಂದರಲ್ಲಿ ಬಿಳಿ ಅಂಗಿ, ಹಣೆಗೆ ವಿಭೂತಿ, ಆಧಾರ್ ಕಾರ್ಡಿಗೆ ಕೂತಂಥ ಮುಖ. ಇನ್ನೊಂದರಲ್ಲಿ ರಾತ್ರಿ ಹೊತ್ತಿನಲ್ಲಿ ಕರಿ ಚಸ್ಮಾ, ಕೆಂಪು ಕೋಟು, ಕೊರಳಲ್ಲಿ ಹಸಿರು ಮಫ್ಲರು, ಒಂದು ಕೈಯಲ್ಲಿ ಮೈಕು, ಇನ್ನೊಂದು ಕೈ ಆಕಾಶಕ್ಕೆ. ನಾನು ವಿಭೂತಿಯ ಫೋಟೊ ಎತ್ತಿಕೊಂಡೆ. ಆಕೆ ಅದನ್ನು ನನ್ನ ಕೈಯಿಂದ ತೆಗೆದು ಚೀಲಕ್ಕೆ ಹಾಕಿಕೊಂಡಳು.

"ಕೋಟಿಂದ ಇರ್ಲಿ, ರಾಜೇಸಾಬಣ್ಣ. ಆ ಕೋಟು ನನ್ನ ಮದವಿ ಸೀರಿ ಸೆರಗು. ನಾನೂ ಫೋಟೋದಾಗ ಇದ್ದಂಗ ಆಗತೈತಿ."

"ಆತ್ರಿ ಅಕ್ಕಾರ. ಹೆಸರು ಎಷ್ಟ ದೊಡ್ಡದು ಹಾಕೂಣು?"

"ಹೆಸರು ಬ್ಯಾಡ."

"ಹೆಸರು ಬ್ಯಾಡ ಅಂದ್ರ? ಯಾರ ಸತ್ತಾರಂತ ಮಂದಿಗಿ ಹೆಂಗ ಗೊತ್ತಾಗಬೇಕ್ರಿ?"

"ನೀವು ಹಾಕಿ ನೋಡ್ರಿ. ಗೊತ್ತಾಗತೈತಿ."

ಹೆಸರಿಲ್ಲದ ಶ್ರದ್ಧಾಂಜಲಿ ನನ್ನ ಪ್ರೆಸ್ಸಿನಿಂದ ಅಲ್ಲಿಯತನಕ ಹೊರಬಿದ್ದಿರಲಿಲ್ಲ. ನನಗೆ ಸಿಟ್ಟೂ ಬಂತು, ಅಳುವೂ ಬಂತು. ಯಾಕೆಂದರೆ ಈ ಮನುಷ್ಯನ ಹೆಸರಿನ ವಿಷಯದಲ್ಲಿ ನನ್ನ ಪ್ರೆಸ್ಸು ಇದಕ್ಕೂ ಮುಂಚೆ ಒಮ್ಮೆ ಪೇಚಿಗೆ ಸಿಕ್ಕಿತ್ತು. ಅದನ್ನೇ ಹೇಳಲು ಹೊರಟಿದ್ದೇನೆ. ಇಲ್ಲಿಯೂ ಅವನ ಹೆಸರು ಬರುವುದಿಲ್ಲ. ಬೇಜಾರು ಮಾಡಿಕೊಳ್ಳಬೇಡಿ, ಕಾರಣ ಕೊನೆಗೆ ನಿಮಗೇ ಗೊತ್ತಾಗುತ್ತದೆ.

ಅವನು ರಸಮಂಜರಿಯ ನಿರೂಪಕ. ಆರ್ಕೆಸ್ಟ್ರಾದವರು ರಾತ್ರಿಯಿಡೀ ಹಾಡಿ ಕುಣಿಯುವಾಗ ನಡುನಡುವೆ ಮೈಕು ಹಿಡಿದು ಮಾತಾಡುತ್ತಾನಲ್ಲ, ಅವನು. ಹುನಗುಂದದಿಂದ ಕಲಾದಗಿಯವರೆಗೆ, ಬಾದಾಮಿ ಸುತ್ತಿನ ಹಳ್ಳಿಗಳಲ್ಲೆಲ್ಲ ಅವನ ಕೆಂಪು ಕೋಟು ಕಾಣದ ರಸಮಂಜರಿಗೆ ರಂಗಿರುತ್ತಿರಲಿಲ್ಲ. ಹಗಲು ಹೊತ್ತು ಒಂದು ಸೀರೆ ಅಂಗಡಿಯಲ್ಲಿ ಗಾದಿಯ ಮೇಲೆ ಕೂತು ತೂಕಡಿಸುತ್ತಿದ್ದ. ಸಂಜೆಯಾಯಿತೆಂದರೆ ಮುಖಕ್ಕೆ ಪೌಡರು, ಕಿವಿಗೆ ಅತ್ತರಿನ ಹತ್ತಿ, ಬಿಳಿ ಬೂಟು. ಕೋಟನ್ನು ಮಾತ್ರ ಸೀರೆ ಅಂಗಡಿಯ ಪ್ಲಾಸ್ಟಿಕ್ ಕವರಿನಲ್ಲಿ ಇಟ್ಟು, ಸ್ಕೂಟರಿನ ಮುಂದೆ ಮಗುವಿನ ಹಾಗೆ ನಿಲ್ಲಿಸಿಕೊಂಡು ಹೋಗುತ್ತಿದ್ದ. ದೂಳು ತನಗೆ ಬಡಿದರೆ ಚಿಂತೆಯಿಲ್ಲ, ಕೋಟಿಗೆ ಬಡಿಯಬಾರದು.

ಆ ಕೋಟಿನ ಕತೆಯೂ ಒಂದಿದೆ. ಇಳಕಲ್ ಸೀರೆಯ ಒಡಲಿನ ಎಳೆಗೆ ಸೆರಗಿನ ಎಳೆಯನ್ನು ಕೊಂಡಿ ಹಾಕಿ ಕೂಡಿಸಿ ನೇಯುತ್ತಾರೆ. ಮದುವೆಯಾದ ಹೊಸದರಲ್ಲಿ ಈ ಮಹಾಶಯ ಹೆಂಡತಿಯ ಸೀರೆಯನ್ನು ಸರಿಯಾಗಿ ಆ ಕೊಂಡಿಯ ಜಾಗದಲ್ಲೇ ಕತ್ತರಿಸಿ, ಕೆಂಪು ಸೆರಗನ್ನು ಹುನಗುಂದದ ಟೇಲರಿಗೆ ಕೊಟ್ಟು ಕೋಟು ಹೊಲಿಸಿದ. ಶಾಂತಕ್ಕ ಬಹಳ ದಿನ ಅವನಿಗೆ ಬರೀ ರೊಟ್ಟಿ ಮತ್ತು ಕೆಂಪು ಚಟ್ನಿ ಬಡಿಸಿದಳು. ಪಲ್ಯ ಕೇಳಿದರೆ, "ಕೋಟು ತಿನ್ರಿ" ಎನ್ನುತ್ತಿದ್ದಳಂತೆ. ಅದಕ್ಕೆ ಅವನು ಮಾಡಿದ್ದೇನು? ಮುಂದಿನ ಕಾರ್ಯಕ್ರಮದಲ್ಲಿ ವೇದಿಕೆ ಹತ್ತಿದವನೇ, "ಈ ಕೋಟಿನ ಪ್ರಾಯೋಜಕರು, ನಮ್ಮ ಮನಿ ಒಡತಿ, ರೊಟ್ಟಿ ಬಡಿಯೋದ್ರಾಗ ಬಾಗಲಕೋಟಿ ಜಿಲ್ಲಾಕ್ಕ ಹೆಸರಾದ ಶ್ರೀಮತಿ ಶಾಂತಕ್ಕನವರು!" ಎಂದು ಕೂಗಿ ಚಪ್ಪಾಳೆ ಹೊಡೆಸಿದ. ಸುದ್ದಿ ಮರುದಿನ ಮನೆಗೆ ಮುಟ್ಟಿತು. ಸಂಜೆ ತಟ್ಟೆಯಲ್ಲಿ ಬದನೆಕಾಯಿ ಪಲ್ಯ ಬಂತು.

ಹಾಡು ಬೇರೆಯವರದು, ಕುಣಿತ ಬೇರೆಯವರದು. ಇವನ ಕೆಲಸ ಹೆಸರು ಕೂಗುವುದು. ರಸಮಂಜರಿಗೆ ಬಂದವರು ಬಕ್ಷೀಸು ಕೊಡುತ್ತಾರೆ. ಜೊತೆಗೆ ಒಂದು ಚೀಟಿಯಲ್ಲಿ ಹೆಸರು ಬರೆದು ಕಳಿಸುತ್ತಾರೆ. ಆ ಹೆಸರು ಮೈಕಿನಲ್ಲಿ ಬರಬೇಕು, ಬರೀ ಹೆಸರಲ್ಲ, ಬಿರುದಿನ ಸಮೇತ ಬರಬೇಕು. ಪಂಪ್‌ಸೆಟ್ ರಿಪೇರಿಯವನು "ನೀರಿನ ಭಗೀರಥ" ಆಗಬೇಕು, ಕುರಿ ಕಾಯುವವನು "ಬೀರಪ್ಪ ದೇವರ ಖಾಸಾ ಮನುಷ್ಯ" ಆಗಬೇಕು. ಪ್ರತಿ ಹೆಸರಿಗೂ ಮೊದಲು ಇವನದೊಂದು ಮಾತು ಇತ್ತು. ಎಡಗೈ ಎತ್ತಿ, "ಕಿವಿ ನನ್ನ ಕಡೆ, ಕೈ ಚಪ್ಪಾಳಿ ಕಡೆ!" ಎನ್ನುತ್ತಿದ್ದ. ಹೆಸರು ಹೇಳಿ ಮುಗಿಸಿದ ಕೂಡಲೇ ಮೊದಲ ಚಪ್ಪಾಳೆ ತಾನೇ ತಟ್ಟುತ್ತಿದ್ದ. ಮೈಕನ್ನು ಕಂಕುಳಲ್ಲಿ ಇರುಕಿಕೊಂಡು ಅವನು ಚಪ್ಪಾಳೆ ತಟ್ಟುವುದನ್ನು ನೋಡಲಿಕ್ಕೇ ಕೆಲವರು ಬರುತ್ತಿದ್ದರು.

"ರಾಜಾ, ಹಾಡು ತಪ್ಪಿದ್ರ ಮಂದಿ ನಗ್ತಾರ, ಹೆಸರು ತಪ್ಪಿದ್ರ ಹೊಡಿತಾರ" ಎಂದು ನನಗೆ ಹೇಳುತ್ತಿದ್ದ. "ಇಷ್ಟ ವರ್ಷ ಆತು, ಒಂದ ಹೆಸರು ಬಿಟ್ಟಿಲ್ಲ ನಾ. ಒಂದ!" ಈ ಜಂಬವನ್ನು ನನ್ನ ಪ್ರೆಸ್ಸಿನಲ್ಲಿ ಕೂತು ಚಹಾ ಕುಡಿಯುವಾಗಲೆಲ್ಲ ಕೊಚ್ಚುತ್ತಿದ್ದ. ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಅವನ ಕೈಚಳಕ ನಾನು ಕಣ್ಣಾರೆ ಕಂಡದ್ದು ಐಹೊಳೆಯಲ್ಲಿ. ಕಾರ್ಯಕ್ರಮ ಅರ್ಧಕ್ಕೆ ಬಂದಾಗ ಕರೆಂಟು ಹೋಯಿತು. ಜನರೇಟರೂ ಕೆಮ್ಮಿ ಕೆಮ್ಮಿ ನಿಂತಿತು. ಕತ್ತಲಲ್ಲಿ ಜನ ಏಳಲು ಶುರುಮಾಡಿದರು. ಒಮ್ಮೆ ಎದ್ದರೆ ಮುಗಿಯಿತು, ಕುರ್ಚಿ ಹಾರಾಡುತ್ತವೆ. ಇವನು ವೇದಿಕೆಯ ಅಂಚಿಗೆ ಬಂದು, ಮೈಕಿಲ್ಲದೆ, ಬರೀ ಗಂಟಲಲ್ಲಿ, "ಕತ್ತಲಾಗ ಯಾರ ಕುಂತಾರಂತ ನನಗ ಗೊತ್ತಾಗವಲ್ದು. ಒಬ್ಬೊಬ್ಬರ ನಿಮ್ಮ ಹೆಸರು ಹೇಳ್ರಿ, ಚಲೋ ಏನ ಮಾಡ್ತೀರಿ ಅದನ್ನೂ ಹೇಳ್ರಿ!" ಎಂದ. ಒಬ್ಬ ಹುಡುಗಾಟಕ್ಕೆ ಕೂಗಿದ. ಇವನು ಅದಕ್ಕೆ ಬಿರುದು ಕಟ್ಟಿ ತಿರುಗಿ ಕೂಗಿದ. ಚಪ್ಪಾಳೆ. ಇನ್ನೊಬ್ಬ ಕೂಗಿದ. ಆಮೇಲೆ ಸರತಿ ಹಚ್ಚಿದರು. ಕೊನೆಗೆ ಹೆಣ್ಣುಮಕ್ಕಳ ಕಡೆಯಿಂದ ಒಂದು ಮುದಿ ದನಿ, "ನಾ ಯಲ್ಲವ್ವರಿ. ಕಳೆ ತಗಿತೇನಿ, ಮತ್ತೇನ ಬರೂದಿಲ್ರಿ" ಎಂದಿತು. ಇವನು ಆ ದನಿಯ ಕಡೆಗೆ ತಿರುಗಿದ. ಆಮೇಲೆ, "ಯಾರ ಕೈ ಆಡಿದ್ರ ಐಹೊಳಿ ಹೊಲಾ ನಗತಾವೋ, ಆ ಯಲ್ಲವ್ವತಾಯಿ!" ಎಂದು ಊರಾಚೆಗೆ ಕೇಳುವಂತೆ ಕೂಗಿದ. ಕರೆಂಟು ಬಂದಾಗ ಜನಕ್ಕೆ ನಿರಾಸೆಯೇ ಆಯಿತು, ಇನ್ನೂ ಅನೇಕರ ಹೆಸರು ಉಳಿದಿದ್ದವು.

ಇಷ್ಟೆಲ್ಲ ಕೂಗಿದ ಗಂಟಲು ಎಷ್ಟು ದಿನ ತಡೆದೀತು? ಡಿಜೆ ಬಂದು ರಸಮಂಜರಿಗಳೂ ಕಡಿಮೆಯಾಗಿದ್ದವು, ಅದೇ ಹೊತ್ತಿಗೆ ಇವನ ಗಂಟಲೂ ಕೈಕೊಟ್ಟಿತು. ಬಾಗಲಕೋಟೆಯ ದವಾಖಾನೆಯಲ್ಲಿ ಸಣ್ಣ ಆಪರೇಶನ್ ಮಾಡಿ, ಮೂರು ತಿಂಗಳು ತುಟಿ ಪಿಟಕ್ಕೆನ್ನಬಾರದು ಎಂದು ಹೇಳಿ ಕಳಿಸಿದರು. ಇವನಿಗೆ ಅನ್ನ ನೀರು ಬಿಡು ಎಂದಿದ್ದರೂ ಬಿಡುತ್ತಿದ್ದನೇನೋ.

ಮಾತಾಡುವಂತಿಲ್ಲ, ಸುಮ್ಮನಿರಲು ಬರುವುದಿಲ್ಲ. ಹೀಗಾಗಿ ಚೀಟಿ ಬರೆಯಲು ಶುರುಮಾಡಿದ. ಉಪ್ಪು ಬೇಕಾದರೆ ಬೇರೆಯವರು ಕೈಸನ್ನೆ ಮಾಡುತ್ತಾರೆ. ಇವನು ಬರೆಯುತ್ತಿದ್ದ: "ಪುಂಡಿಪಲ್ಯದ ಮಹಾರಾಣಿ ಶ್ರೀಮತಿ ಶಾಂತಕ್ಕನವರ ಸನ್ನಿಧಾನಕ್ಕೆ, ಇಂದಿನ ಪಲ್ಯದಲ್ಲಿ ಉಪ್ಪು ಗೈರುಹಾಜರಾಗಿರುವುದನ್ನು ವಿಷಾದದಿಂದ ತಿಳಿಸಲಾಗಿದೆ." ಚೀಟಿ ಓದಿ ಮುಗಿಸುವುದರೊಳಗೆ ರೊಟ್ಟಿ ಆರಿರುತ್ತಿತ್ತು. ಶಾಂತಕ್ಕ ನಕ್ಕು ನಕ್ಕು ಸಾಕಾಗಿ, "ಇದನ್ನೆಲ್ಲಾ ಪಲ್ಯಾದ ಮ್ಯಾಲ ಯಾಕ ಬರಿತೀರಿ? ನಿಮ್ಮ ರಾತ್ರಿ ಸಂಸಾರದ ಮ್ಯಾಲ ಬರೀರಿ, ನಾನೂ ಓದತೇನಿ. ನಾ ಎಂದೂ ಅದನ್ನ ನೋಡಾಕ ಬರಲಿಲ್ಲ" ಎಂದಳಂತೆ.

ಬರೆದ. ಕೂತು ಬರೆದವನಲ್ಲ. ಅಲಮಾರಿಯ ಕನ್ನಡಿ ಮುಂದೆ ಕೋಟು ಹಾಕಿಕೊಂಡು ನಿಂತು, ಎಡಗೈಯಲ್ಲಿ ವೈರಿಲ್ಲದ ಹಳೇ ಮೈಕು ಹಿಡಿದು, ತುಟಿ ಮಾತ್ರ ಆಡಿಸಿ, ಅದು ಸರಿ ಎನ್ನಿಸಿದರೆ ಬಲಗೈಯಿಂದ ಬರೆಯುತ್ತಿದ್ದ. ಗಂಟಲಿನ ಗಡುವು ಮುಗಿಯಿತು, ಒಡಕು ದನಿಯೊಂದು ತಿರುಗಿ ಬಂತು, ಆದರೂ ಬರೆಯುವುದು ನಿಲ್ಲಲಿಲ್ಲ. ಒಂದು ದಿನ ಕಟ್ಟು ತಂದು ನನ್ನ ಟೇಬಲ್ಲಿನ ಮೇಲೆ ದೊಪ್ಪನೆ ಹಾಕಿ, "ಲೇ ರಾಜಾ, ಪುಸ್ತಕ ಮಾಡು" ಎಂದ.

ನಾನು ಓದಲು ಹಿಡಿದೆ. ಹಣೆ ಹಣೆ ಬಡಿದುಕೊಂಡೆ. ಒಬ್ಬ ಡ್ರೈವರು ಟೆಂಪೊ ಹತ್ತಬೇಕಾದರೆ ಮೂರು ಸಾಲು ಬಿರುದು. ದಾರಿಗೆ ಅಡ್ಡ ಬಂದ ಎಮ್ಮೆಗೆ "ಹಾಲಿನ ಹೊಳೆಯನ್ನೇ ಹರಿಸಿದ" ಎಂಬ ವಿಶೇಷಣ, ಅದರ ಮಾಲೀಕನಿಗೆ ಬೇರೆ. ಪ್ರತಿ ಪುಟದ ಕೊನೆಗೆ ಕಂಸದಲ್ಲಿ "ಚಪ್ಪಾಳೆ". ಕೆಲವು ಕಡೆ "ಜೋರಾದ ಚಪ್ಪಾಳೆ".

"ಇದೇನಲೇ ಇದು?" ಎಂದೆ.

"ಮಂದಿ ಓದಿ ಓದಿ ದಣಿತಾರಲ್ಲ, ಚಪ್ಪಾಳಿ ಹೊಡದ ಸುಧಾರಿಸಿಕೊಳ್ಳಲಿ ಅಂತ."

"ಮನ್ಯಾಗ ಒಬ್ಬನ ಕುಂತ ಪುಸ್ತಕ ಓದಾಂವ ಚಪ್ಪಾಳಿ ಹೊಡದ್ರ ಅವನ್ನ ಧಾರವಾಡದ ಹುಚ್ಚರ ದವಾಖಾನಿಗೆ ಒಯ್ಯತಾರ."

ಜಗಳವಾಡಿ ಜಗಳವಾಡಿ ಬಿರುದು ಕಡಿದೆ. ಎಮ್ಮೆಯದನ್ನು ಮಾತ್ರ ಬಿಟ್ಟುಕೊಡಲಿಲ್ಲ. ಚಪ್ಪಾಳೆಗಳಲ್ಲಿ ಪುಸ್ತಕದ ಕೊನೆಗೆ ಒಂದನ್ನು ಉಳಿಸಿಕೊಂಡ. ಉಳಿದದ್ದನ್ನೆಲ್ಲ ತೆಗೆದುಹಾಕಿದ ಮೇಲೆ ಒಳಗೆ ಏನಿದೆ ಎಂದು ನೋಡಿದೆ, ನೋಡಿ ಪೆನ್ನು ಕೆಳಗಿಟ್ಟೆ. ಅದರಲ್ಲಿ ಕುಣಿಯುವ ಹುಡುಗಿಯೊಬ್ಬಳ ಮಾತು ಬರುತ್ತದೆ. ಕಾರ್ಯಕ್ರಮ ಮುಗಿದು ಟೆಂಪೊದಲ್ಲಿ ಬರುವಾಗ ಆಕೆ ಕೊಬ್ಬರಿ ಎಣ್ಣೆ ಹಚ್ಚಿ ಮುಖದ ಬಣ್ಣ ಒರೆಸುತ್ತಾಳೆ, ಪೂರ್ತಿ ಒರೆಸುವವರೆಗೂ ಆಕೆಗೆ ನಿದ್ದೆ ಬರುವುದಿಲ್ಲ, ಬಣ್ಣದ ಮುಖದಲ್ಲಿ ಮಲಗಿದರೆ ಮಗ ಕನಸಿನಲ್ಲಿ ಬಂದು ಗುರುತು ಹಿಡಿಯದೆ ಹೋಗುತ್ತಾನೆ ಎನ್ನುತ್ತಾಳೆ. ಅಷ್ಟೇ. ಅದೊಂದು ಕಡೆ ಮಾತ್ರ ಅವನು ಮೊದಲಿಗೇ ಹೆಸರೂ ಹಾಕಿರಲಿಲ್ಲ, ಬಿರುದೂ ಹಾಕಿರಲಿಲ್ಲ. ಯಾಕೆಂದು ಕೇಳಿದರೆ, "ಆಕಿ ಊರಾಗ ಗೊತ್ತಾದ್ರ ಕಷ್ಟ ಆಗತೈತಿ, ಹೆಸರ ಹೇಳಬ್ಯಾಡ್ರಿ ಅಣ್ಣಾ ಅಂತಿದ್ಲು. ಸ್ಟೇಜಿನ ಮ್ಯಾಲೂ ಹೇಳತಿದ್ದಿಲ್ಲ" ಎಂದ.

ಮುಖಪುಟ ಸಿದ್ಧವಾಯಿತು. ಕೆಂಪು ಕೋಟಿನ ಅದೇ ಫೋಟೊ, ಕೆಳಗೆ ದಪ್ಪ ಅಕ್ಷರದಲ್ಲಿ ಅವನ ಹೆಸರು. ಕಂಪ್ಯೂಟರಿನ ಮುಂದೆ ಬಗ್ಗಿ ಆ ಹೆಸರನ್ನು ಬಹಳ ಹೊತ್ತು ನೋಡಿದ. "ರಾಜಾ, ಖರೆ ಹೇಳತೇನಿ. ಎಲ್ಲಾರ ಹೆಸರೂ ಹೇಳೀನಿ, ನನ್ನ ಹೆಸರು ಯಾರೂ ಹೇಳಿಲ್ಲ. ನನ್ನ ಪಾಳಿ ಬರೂದರಾಗ ಬೆಳಕ ಹರದಿರತೈತಿ, ಮಂದಿ ಚಾಪಿ ಸುತ್ತಿರತಾರ, ಮೈಕಿನಾಂವ ವೈರ್ ಕಿತ್ತಿರತಾನ. ಈ ಒಂದ ಹೆಸರಿನ ಸಲುವಾಗೇ ಇಷ್ಟೆಲ್ಲಾ ಬರದೆ ನೋಡ್" ಎಂದ. ಯಾವಾಗಲೂ ಹಲ್ಲು ಕಿರಿಯುವವನು ಆಗ ನಗಲಿಲ್ಲ.

ಮರುವಾರವೇ ಬಂದು, "ಹೆಸರು ತಗಿ" ಎಂದ.

ಮಗಳು ರೇಣುಕಾಗೆ ಗಂಡು ಗೊತ್ತಾಗಿತ್ತು. ರೇಣು ಹುನಗುಂದದ ಶಾಲೆಯಲ್ಲಿ ಟೀಚರು, ಹುಡುಗ ಬಾದಾಮಿಯಲ್ಲಿ ಮಾಸ್ತರ. ಇಬ್ಬರೂ ತರಬೇತಿಯಲ್ಲಿ ಕಂಡವರು, ಮನಸ್ಸು ಮೊದಲೇ ಕೂಡಿತ್ತು. ಹುಡುಗನ ತಂದೆ ಫಕೀರಪ್ಪನವರದು ಕುಳಗೇರಿ ಕ್ರಾಸಿನಲ್ಲಿ ಗೊಬ್ಬರದ ಅಂಗಡಿ. ಬಿಗಿ ಮನುಷ್ಯ. ನಡುವೆ ಓಡಾಡಿದವರು ಒಂದೇ ಮಾತು ಹೇಳಿದ್ದರು: "ಫಕೀರಪ್ಪಗ ರಸಮಂಜರಿ ಮಂದಿ ಅಂದ್ರ ಆಗೂದಿಲ್ಲ. ಹೆಸರೆತ್ತಿದ್ರ ಎದ್ದ ಹೋಗತಾರ." ಹೀಗಾಗಿ ಹೆಣ್ಣಿನ ತಂದೆ "ಸೀರೆ ವ್ಯಾಪಾರ" ಎಂದಷ್ಟೇ ತಿಳಿಸಲಾಗಿತ್ತು. ಬಚ್ಚಿಡುವುದು ಕಷ್ಟವೇನೂ ಆಗಲಿಲ್ಲ. ತಲೆ ಬೋಳಾಗಿತ್ತು, ಚಸ್ಮಾ ತೆಗೆದಿದ್ದ, ದನಿ ಒಡೆದಿತ್ತು. ಹೆಸರಂತೂ ಯಾರಿಗೂ ಗೊತ್ತಿರಲಿಲ್ಲ, ಹೇಳಿದವರೇ ಇಲ್ಲವಲ್ಲ. ಆದರೆ ಫೋಟೊ ಮತ್ತು ಹೆಸರು ಹೊತ್ತ ಪುಸ್ತಕ ಹೊರಬಂದರೆ ಎಲ್ಲ ಬಯಲಾಗುತ್ತಿತ್ತು.

"ಫೋಟೋನೂ ತಗಿ. 'ಒಬ್ಬ ನಿರೂಪಕ' ಅಂತ ಹಾಕು ಸಾಕು" ಎಂದ. ನನಗೆ ಮೈಯೆಲ್ಲ ಉರಿಯಿತು. ಪುಸ್ತಕ ಲಗ್ನದ ನಂತರ ತರೋಣ ಎಂದೆ, ಆಮೇಲೆ ಗೊತ್ತಾದರೆ ಮಗಳು ಆ ಮನೆಯಲ್ಲಿ ಬಾಳಬೇಕಲ್ಲ ಎಂದ. ಶಾಂತಕ್ಕ ಬಾಗಿಲಲ್ಲೇ ನಿಂತಿದ್ದಳು. "ಅಣ್ಣಾ, ಅವರಿಗಿ ಆ ಹೆಸರಿನ ಆಸೆ ಎಷ್ಟೈತಿ ಅಂತ ನನಗ ಗೊತ್ತೈತಿ. ಆದ್ರ ರೇಣೂಂದು ಮುರದ್ರ ಹೆಂಗ?" ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಳು. ನಾನು ಹೆಸರು ಅಳಿಸಿದೆ. ಅಳಿಸುವಾಗ ಅವನು ಹೊರಗೆ ಹೋಗಿ ಬಸ್ಸುಗಳನ್ನು ನೋಡುತ್ತ ನಿಂತ. ಮುಖಪುಟವೊಂದು ಅಚ್ಚಾಯಿತು, ಒಳಗಿನ ಹಾಳೆಗಳ ಕೆಲಸ ಲಗ್ನದ ಗಡಿಬಿಡಿಯಲ್ಲಿ ಹಿಂದೆ ಬಿತ್ತು.

ಲಗ್ನ ಬಾದಾಮಿಯ ಕಲ್ಯಾಣ ಮಂಟಪದಲ್ಲಿ. ಮೈಕು ಮುಟ್ಟುವುದಿಲ್ಲ ಎಂದು ಶಾಂತಕ್ಕನಿಗೆ ಮಾತು ಕೊಟ್ಟು ಬಂದಿದ್ದ. ಬಿಳಿ ಅಂಗಿ, ಟೋಪಿ ಹಾಕಿಕೊಂಡು ಮುಂದಿನ ಸಾಲಿನಲ್ಲಿ ಕೂತ. ಕೈ ಎಲ್ಲಿಡಬೇಕೆಂದು ತಿಳಿಯದೆ ಎರಡೂ ಅಂಗೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡಿದ್ದ. "ಬೀಗರು ಭಾಳ ಸಾಧು ಮನಶ್ಯಾರು" ಎಂದು ಗಂಡಿನ ಕಡೆಯವರು ಮೆಚ್ಚಿ ಮಾತಾಡುವುದು ನನ್ನ ಕಿವಿಗೆ ಬಿತ್ತು. ನಾನು ನಗೆ ತಡೆಯಲು ಮಂಟಪದಿಂದ ಹೊರಗೆ ಹೋಗಿಬರಬೇಕಾಯಿತು.

ನಮ್ಮ ಕಡೆ ಅಕ್ಕಿಕಾಳಿಗೆ, ಅಂದರೆ ಅಕ್ಷತೆ ಹಾಕುವುದಕ್ಕೆ, ಮೊದಲು ಹಿರಿಯರ ಹೆಸರು ಕರೆದು ಶಾಲು ಹೊದಿಸುವ ರೂಢಿ. ಗಂಡಿನ ಕಡೆಯ ಸಂಬಂಧಿಕನೊಬ್ಬ ಮೈಕು ಹಿಡಿದಿದ್ದ. ಊರ ಮಂದಿಯ ಹೆಸರನ್ನೆಲ್ಲ ಕರೆದ, ಹುಡುಗನ ಸೋದರಮಾವ ಹನಮಪ್ಪನವರನ್ನು ಬಿಟ್ಟ. ಬಿಟ್ಟು, "ಇಲ್ಲಿಗೆ ಸನ್ಮಾನ ಮುಗಿದವು" ಎಂದೂ ಹೇಳಿಬಿಟ್ಟ. ಹನಮಪ್ಪನವರು ಎದ್ದರು. ಟವೆಲ್ಲು ಝಾಡಿಸಿ ಹೆಗಲಿಗೆ ಹಾಕಿಕೊಂಡರು. ಅವರ ಹಿಂದೆ ಒಂದು ಸಾಲು ಪೂರ್ತಿ ಎದ್ದಿತು. ಸೋದರಮಾವ ಬಾಗಿಲು ದಾಟಿದರೆ ಅಕ್ಕಿಕಾಳು ಬೀಳುವುದಿಲ್ಲ. ಫಕೀರಪ್ಪನವರು ಹಿಂದೆ ಓಡಿದರು, ಕೈ ಹಿಡಿದರು, ಹನಮಪ್ಪನವರು ಕೊಸರಿಕೊಂಡರು. ಬಾಸಿಂಗದ ಕೆಳಗೆ ರೇಣುವಿನ ಕಣ್ಣು ತುಂಬಿದ್ದು ನಾನು ಕೂತಲ್ಲಿಗೂ ಕಂಡಿತು.

ನನ್ನ ದೋಸ್ತ ಶಾಂತಕ್ಕನ ಮುಖ ನೋಡಿದ. ಶಾಂತಕ್ಕ ಮಗಳ ಮುಖ ನೋಡಿದಳು. ಆಮೇಲೆ ಗಂಡನಿಗೆ ಒಂದೇ ಮಾತು ಹೇಳಿದಳು: "ಏಳ್ರಿ."

ಎದ್ದ. ತೊಡೆಯ ಕೆಳಗಿಂದ ಕೈ ತೆಗೆದು, ಮೈಕು ಕಸಿದುಕೊಂಡು, ಎಡಗೈ ಎತ್ತಿದ. "ಕಿವಿ ನನ್ನ ಕಡೆ, ಕೈ ಚಪ್ಪಾಳಿ ಕಡೆ!" ಒಡಕು ದನಿಯಾದರೂ ಮಂಟಪದ ಮೂಲೆ ಮೂಲೆಗೆ ಮುಟ್ಟಿತು. "ಸನ್ಮಾನ ಮುಗದಿಲ್ರಿ! ಯಾರ ಹೆಸರು ನಡುವ ಕರದ್ರ ಆ ಹೆಸರಿಗಿ ಅವಮಾನ ಆಗತೈತೋ, ಅಂಥಾ ಹೆಸರು ಕಡೀಕ ಇಟ್ಟೇವಿ. ಹುಡುಗನ ತಾಯಿ ತವರಿನ ಆನಿ, ಈ ಲಗ್ನದ ಕಳಸ, ಸೋದರಮಾವ ಹನಮಪ್ಪನವರು! ಬಾಗಿಲತನಕ ಹೋಗಿ ಎಲ್ಲಾರೂ ಬಂದಾರೋ ಇಲ್ಲೋ ನೋಡಿ ಈಗ ವೇದಿಕಿಗಿ ಬರಾಕತ್ತಾರ, ದಾರಿ ಬಿಡ್ರಿ!"

ಬಾಗಿಲಲ್ಲಿ ಹನಮಪ್ಪನವರು ನಿಂತರು. ಚಪ್ಪಾಳೆ ಬಿತ್ತು. ಅವರು ಟವೆಲ್ಲು ಸರಿಮಾಡಿಕೊಂಡು, ನಿಜವಾಗಿಯೂ ಜನ ಎಣಿಸಲು ಹೋಗಿದ್ದವರ ಹಾಗೆ, ನಿಧಾನವಾಗಿ ನಡೆದು ಬಂದರು.

ಅಷ್ಟರಲ್ಲಿ ಫಕೀರಪ್ಪನವರು ಕೈ ಎತ್ತಿದರು. "ತಡೀರಿ. ಕಿವಿ ನನ್ನ ಕಡೆ ಅಂದ್ರಲ್ಲ, ಆ ಮಾತ ನಾ ಕೇಳೇನಿ. ನಮ್ಮ ಕ್ರಾಸಿನ್ಯಾಗ ರಸಮಂಜರಿ ಆಗಿತ್ತು. ಕರಿ ಚಸ್ಮಾ, ಕೆಂಪ ಕೋಟು. ಅಂವ ನೀವ ಏನ್ರಿ?"

ಶಾಂತಕ್ಕ ಕಣ್ಣು ಮುಚ್ಚಿಕೊಂಡಳು. "ಹೌದ್ರಿ, ನಾನ" ಎಂದ ನನ್ನ ದೋಸ್ತ.

"ಅವತ್ತ ಜನರೇಟರ್ ಕೊಡಿಸಿದಾಂವ ನಾನು! ಹೊಸದಾಗಿ ಲಗ್ನ ಆಗಿತ್ತು. ಈಕಿನ್ನ ಕರಕೊಂಡ ಬಂದ ಮುಂದ ಕುಂತಿದ್ದೆ. ಈಗ ನನ್ನ ಹೆಸರು ಬರತೈತಿ ನೋಡು, ಈಗ ಬರತೈತಿ ನೋಡು ಅಂತ ಬೆಳತನಕ ಈಕಿಗಿ ಹೇಳಿದೆ. ಊರಾಗಿನ ನಾಯಿ ಸಾಕಿದವರ ಹೆಸರೂ ಹೇಳಿದ್ರಿ. ನಂದೊಂದ ಬಿಟ್ರಿ! ಅವತ್ತಿಂದ ಒಂದ ರಸಮಂಜರಿ ನೋಡಿಲ್ಲ ನಾ."

ನನ್ನ ದೋಸ್ತನ ಮುಖ ಬಿಳಿಚಿತು. ಒಂದೂ ಹೆಸರು ಬಿಟ್ಟಿಲ್ಲ ಎಂಬ ಜಂಬ ಪುಸ್ತಕದ ಮೊದಲ ಪುಟದಲ್ಲೇ ಇತ್ತು. ವಾದ ಮಾಡಲಿಲ್ಲ, ನೆಪ ಹೇಳಲಿಲ್ಲ. ಟೋಪಿ ತೆಗೆದ. "ತಪ್ಪಾತ್ರಿ ಬೀಗರ. ಭಾಳ ದೊಡ್ಡ ತಪ್ಪಾತು" ಎಂದು, ಮತ್ತೆ ಎಡಗೈ ಎತ್ತಿದ. ಆಮೇಲೆ ಬಂದದ್ದು ನಾನು ಕೇಳಿದ ಬಿರುದುಗಳಲ್ಲೆಲ್ಲ ಉದ್ದನೆಯದು. ಕುಳಗೇರಿ ಕ್ರಾಸಿಗೆ ಬೆಳಕು ಕೊಟ್ಟವರು, ಹೊಲಕ್ಕೆ ಗೊಬ್ಬರ ಕೊಟ್ಟವರು, ನನ್ನ ಮಗಳಿಗೆ ಮನೆ ಕೊಟ್ಟವರು, ತಡವಾಗಿ ಬಂದರೂ ತಪ್ಪದೆ ಬಂದ ಹೆಸರಿನ ಒಡೆಯರು ಶ್ರೀ ಫಕೀರಪ್ಪನವರು! ಬಿಗಿ ಮನುಷ್ಯ ಒಮ್ಮೆ ಕೆಮ್ಮಿದರು. ತಿರುಗಿ ಹೆಂಡತಿಯ ಕಡೆ ನೋಡಿದರು. ಆಕೆ ಬಾಯಿಗೆ ಸೆರಗು ಹಚ್ಚಿ ನಗುತ್ತ, "ಹೂಂ, ಬಂತ ನೋಡ್ರಿ" ಎಂದಳು. ಮಂಟಪವೆಲ್ಲ ನಕ್ಕಿತು.

ಇವನು ಮೈಕು ಕೆಳಗಿಡಲು ಹೋದ. ರೇಣು ಮಣೆಯಿಂದ ಎದ್ದು ಬಂದು ಅದನ್ನು ಅವನ ಕೈಯಿಂದ ತೆಗೆದುಕೊಂಡಳು. "ಇನ್ನೊಂದ ಹೆಸರು ಉಳದೈತ್ರಿ" ಎಂದಳು. ಬಿರುದು ಒಂದೂ ಹಾಕಲಿಲ್ಲ. ಅಪ್ಪನ ಹೆಸರನ್ನು, ಅಡ್ಡಹೆಸರಿನ ಸಮೇತ, ಬಿಡಿಸಿ ಬಿಡಿಸಿ ಹೇಳಿ, "ನಮ್ಮಪ್ಪ" ಎಂದಳು. ಆ ಹೆಸರು ಮೈಕಿನಲ್ಲಿ ನಾನು ಕೇಳಿದ್ದು ಅದೇ ಮೊದಲು. ಅವನಿಗೂ ಅದೇ ಮೊದಲು. ಮುಂದೆ ಏನು ಮಾಡಬೇಕೆಂದು ಅವನಿಗೆ ತಿಳಿಯಲಿಲ್ಲ. ಹೆಸರು ಕೇಳಿದ ಕೂಡಲೇ ಕೈಗಳು ತಾವಾಗಿ ಕೂಡಿದವು, ತನ್ನ ಹೆಸರಿಗೆ ತಾನೇ ಎಲ್ಲರಿಗಿಂತ ಮೊದಲು ಚಪ್ಪಾಳೆ ಹೊಡೆದ. ನಾನು ನಕ್ಕೆ, ಅತ್ತೆ, ಎರಡೂ ಒಟ್ಟಿಗೇ ಆಯಿತು.

ಲಗ್ನ ಮುಗಿದ ಮೇಲೆ ನಾನು ಹುರುಪಿನಿಂದ ಮುಖಪುಟಕ್ಕೆ ಹೆಸರು ಹಾಕಿ ಹೊಸದಾಗಿ ಅಚ್ಚು ಮಾಡಲು ಕೂತೆ. ಅವನು ಬಂದ. ಮಂಟಪದಲ್ಲಿ ಕೂಗಿ ಗಂಟಲು ಮತ್ತೆ ಕಟ್ಟಿತ್ತು. ಚೀಟಿ ಬರೆದು ಕೊಟ್ಟ: "ಹೆಸರು ಬೇಡ. ಕೂಗಿ ಆಯಿತು. ಮಂದಿ ಬಾಯಿಂದ ಕೇಳಿದ ಮೇಲೆ ಅಚ್ಚಿನದು ಸಪ್ಪಗೆ ಕಾಣುತ್ತದೆ." ನಾನು ಬೈದೆ. ಅವನು ಒಡಕು ನಗೆ ನಕ್ಕ. ಮೊದಲ ಪುಟದ ಜಂಬದ ಸಾಲನ್ನು ಹೊಡೆದು ಹಾಕಿಸಿದ. ಕೊನೆಯ ಪುಟದಲ್ಲಿ, ಉಳಿಸಿಕೊಂಡಿದ್ದ ಆ ಒಂದು ಚಪ್ಪಾಳೆಯ ಮೇಲೆ, ಫಕೀರಪ್ಪನವರ ಹೆಸರನ್ನು ಬಿರುದು ಸಮೇತ ಹಾಕಿಸಿದ. ಹೀಗಾಗಿ ಬರೆದವನ ಹೆಸರಿಲ್ಲದ, ಕುಳಗೇರಿ ಕ್ರಾಸಿನ ಗೊಬ್ಬರದ ಅಂಗಡಿಯವರ ಹೆಸರನ್ನು ದಪ್ಪಕ್ಷರದಲ್ಲಿ ಹೊತ್ತ ಪುಸ್ತಕವೊಂದು ಕನ್ನಡದಲ್ಲಿ ಬಂತು. ಫಕೀರಪ್ಪನವರು ಗೊಬ್ಬರದ ಚೀಲ ಒಯ್ಯುವವರಿಗೆಲ್ಲ ಒಂದೊಂದು ಪ್ರತಿ ಕೊಟ್ಟರು, ಕೆಂಪು ಕೋಟಿನ ಬೀಗರ ಹೆಸರನ್ನು ಬಾಯಿಬಿಟ್ಟು ಹೇಳಿಯೇ ಕೊಟ್ಟರು, ಆ ಹೆಸರು ಬಸ್ಸು ಹತ್ತಿ ಊರೂರಿಗೆ ಮುಟ್ಟಿತು. ಎರಡನೆಯ ಮುದ್ರಣವನ್ನೂ ನಾನೇ ಮಾಡಿದೆ.

ಇನ್ನು ಆ ಬ್ಯಾನರು. ಶಾಂತಕ್ಕ ಹೇಳಿದಂತೆ ಮಾಡಿದೆ. ಕೆಂಪು ಕೋಟು, ಕರಿ ಚಸ್ಮಾ, ಎತ್ತಿದ ಕೈ, ಕೆಳಗೆ "ಭಾವಪೂರ್ಣ ಶ್ರದ್ಧಾಂಜಲಿ". ಹೆಸರಿನ ಜಾಗ ಖಾಲಿ. ಬಸ್ ಸ್ಟ್ಯಾಂಡಿನ ಎದುರು ಕಟ್ಟಿಸಿದೆ. ಹೆಸರು ಹಾಕಲು ಮರೆತ ಪ್ರೆಸ್ಸು ಎಂದು ಜನ ನಗುತ್ತಾರೆ ಎಂದುಕೊಂಡು ತಲೆ ತಗ್ಗಿಸಿ ಅಂಗಡಿಯಲ್ಲಿ ಕೂತೆ. ಹುನಗುಂದದ ಬಸ್ಸು ಬಂದು ನಿಂತಿತು. ಕಂಡಕ್ಟರ್ ಬಾಗಿಲಿನಿಂದ ಹೊರಗೆ ಬಾಗಿ ನೋಡಿದ. "ಅರೆ, ಇಂವಾ..." ಎಂದು ಅವನ ಪೂರ್ತಿ ಹೆಸರು ಹಿಡಿದು ಕೂಗಿದ, "ಹೋಗಿಬಿಟ್ನೇನಪಾ!" ಬಸ್ಸಿನೊಳಗಿದ್ದವರು ಕಿಟಕಿಯಿಂದ ಬಗ್ಗಿ ನೋಡಿ ಅದೇ ಹೆಸರು ಹೇಳಿಕೊಂಡರು. ಬಾಳೆಹಣ್ಣಿನ ಗಾಡಿಯವಳು ಹೇಳಿದಳು. ಗೊತ್ತಿಲ್ಲದವರು ಗೊತ್ತಿದ್ದವರನ್ನು, "ಯಾರಿವ್ರು?" ಎಂದು ಕೇಳಿದರು, ಗೊತ್ತಿದ್ದವರು ಬಸ್ಸಿನ ಸದ್ದಿನ ಮೇಲೆ ಕೇಳಲಿ ಎಂದು ಜೋರಾಗಿ ಹೇಳಿದರು. ಮಧ್ಯಾಹ್ನದೊಳಗೆ ಆ ಹೆಸರನ್ನು ನಾನು ಎಂಥೆಂಥ ಗಂಟಲುಗಳಲ್ಲಿ ಕೇಳಿದೆ.

ಇಳಿಹೊತ್ತಿಗೆ ಶಾಂತಕ್ಕ ಬಂದು ಅಂಗಡಿಯ ಮುಂದಿನ ಬೆಂಚಿನ ಮೇಲೆ ಕೂತಳು. ನಾನು ಚಹಾ ತರಿಸಿದೆ.

"ಹೆಸರ ಹಾಕಿದ್ರ ಮಂದಿ ಮನಸಿನ್ಯಾಗ ಓದಿಕೊಂಡ ಸುಮ್ನ ಹೋಗತಿದ್ರು, ಅಣ್ಣಾ" ಎಂದಳು.

ನಾನು ತಲೆಯಾಡಿಸಿದೆ. ಅಷ್ಟರಲ್ಲಿ ಬಾದಾಮಿಯ ಬಸ್ಸು ಒಳಗೆ ತಿರುಗಿತು. ಶಾಂತಕ್ಕ ಚಹಾದ ಕಪ್ಪು ಕೆಳಗಿಟ್ಟು, ಸೆರಗನ್ನು ಕಿವಿಯ ಹಿಂದಕ್ಕೆ ಸರಿಸಿಕೊಂಡು ಕೂತಳು.